ಅಗೆಯುವವರ ಕೈಗೆ ಮೊಮ್ಮಗಳನ್ನು ಕೊಟ್ಟದ್ದು

ಹೋದ ಬೇಸಿಗೆಯಲ್ಲಿ ನನ್ನ ಮಗಳ ಮನೆಗೆ ಇಂಗ್ಲೆಂಡಿನಿಂದ ಅಂಚೆಯಲ್ಲಿ ಒಂದು ಕರಣೆ ಬಂತು. ಗಾರೆ ಕೆಲಸದವರು ಗೋಡೆಗೆ ಸಿಮೆಂಟು ಮೆತ್ತುತ್ತಾರಲ್ಲ, ಅದೇ ಜಾತಿಯದು. ಆದರೆ ಚಿಕ್ಕದು, ತುದಿ ಚೂಪು, ಮರದ ಹಿಡಿ. ಅಳಿಯ ರಘು ಪೊಟ್ಟಣ ಬಿಚ್ಚಿ ಅದನ್ನು ಊಟದ ಮೇಜಿನ ಮೇಲೆ ಚಟ್ನಿಪುಡಿ ಡಬ್ಬಿಯ ಪಕ್ಕ ಇಟ್ಟರು. ಗೋಡೆ ಎಲ್ಲಾದರೂ ಬಿರುಕು ಬಿಟ್ಟಿದೆಯೇನೋ ಎಂದು ನಾನು ಸುತ್ತ ನೋಡಿದೆ. ಅಷ್ಟರಲ್ಲಿ ಮೊಮ್ಮಗಳು ಸಿಂಚನಾ ದಡದಡ ಮೆಟ್ಟಿಲಿಳಿದು ಬಂದು ಅದನ್ನು ಎತ್ತಿ ಎದೆಗೆ ಒತ್ತಿಕೊಂಡಳು. ಹದಿನಾರರ ಹುಡುಗಿಯರು ಹೊಸ ಓಲೆಯನ್ನೋ ಬಳೆಯನ್ನೋ ಹಾಗೆ ಒತ್ತಿಕೊಳ್ಳುವುದನ್ನು ಕಂಡಿದ್ದೇನೆ. ಕರಣೆಯನ್ನು ಒತ್ತಿಕೊಂಡವಳು ಇವಳೊಬ್ಬಳೇ.

"ಅಜ್ಜಿ, ನನ್ನನ್ನ ಸೆಲೆಕ್ಟ್ ಮಾಡಿದ್ದಾರೆ," ಅಂದಳು. "ಎರಡು ವಾರ ಇಂಗ್ಲೆಂಡ್‌ಗೆ."

"ಯಾತಕ್ಕ?"

"ಅಗೆಯೋದಕ್ಕೆ."

ನಾನು ಕುರ್ಚಿ ಹಿಡಿದು ಕೂತೆ. ಸಂತೋಷಕ್ಕೆ ಕೂತೆನೆಂದು ಮನೆಯವರೆಲ್ಲ ತಿಳಿದರು. ಸಂತೋಷವೂ ಇತ್ತು, ಇಲ್ಲವೆನ್ನುವುದಿಲ್ಲ. ಅವಳ ವಿಷಯದಲ್ಲಿ ನನ್ನ ಸಂತೋಷ ಯಾವಾಗಲೂ ಉಕ್ಕಿ ಒಲೆ ಆರಿಸುವ ಹಾಲಿನಂಥದ್ದು. ಅವಳ ಬಗ್ಗೆ ನಾನು ಬಾಯಿ ತೆರೆದರೆ ನನ್ನ ಮಗಳು ಗಿರಿಜಾ, "ಅವ್ವಾ, ಸಾಕು, ಮಂದಿ ನಗ್ತಾರ," ಅನ್ನುತ್ತಾಳೆ. ಇಲ್ಲಿ ಅವಳಿಲ್ಲ, ನೀವಿದ್ದೀರಿ, ಹೇಳಿಬಿಡುತ್ತೇನೆ. ನನ್ನ ಮೊಮ್ಮಗಳು ಒಂದು ಮಡಕೆ ಚೂರನ್ನು ಕೈಯಲ್ಲಿ ಹಿಡಿದು, ಇದು ಗಡಿಗೆಯ ಬಾಯಿಯೋ ಹೊಟ್ಟೆಯೋ ಎಂದು ಹೇಳುತ್ತಾಳೆ. ನಾಲ್ಕು ಭಾಷೆಯಲ್ಲಿ ಹೇಳುತ್ತಾಳೆ. ನಾನು ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವಳು. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳ ಹೊಟ್ಟೆಯಲ್ಲಿ ಇಂಥದ್ದೊಂದು ಹುಟ್ಟಿದೆ ಅಂದರೆ, ನನಗೆ ಯಾರಾದರೂ ಸನ್ಮಾನ ಮಾಡಬೇಕು ಅನಿಸುತ್ತದೆ.

ಆದರೆ ಅಂದು ಕುರ್ಚಿ ಹಿಡಿದದ್ದು ಭಯಕ್ಕೆ. ಅದೂ ಅಂಥಿಂಥ ಭಯವಲ್ಲ.

ನಾನು ಹೆದರುಪುಕ್ಕಲಿ ಎನ್ನುವುದು ಮಗಳ ಓಣಿಗೆಲ್ಲ ಗೊತ್ತು. ಪ್ರತಿ ಬೇಸಿಗೆ ಹಾಲೆಂಡಿನ ಬಾಡ್‌ಹೂವೆಡಾರ್ಪಿಗೆ ಬರುತ್ತೇನೆ, ಅಲ್ಲಿನ ಸರ್ಕಾರ ಕೊಟ್ಟಷ್ಟು ದಿನ ಇದ್ದು, ಅಷ್ಟು ದಿನವೂ ಹೆದರಿ, ವಾಪಸು ಬಳ್ಳಾರಿಗೆ ಹೋಗುತ್ತೇನೆ. ವಿಮಾನಗಳು ಹೆಂಚಿಗೆ ಹೊಟ್ಟೆ ತಾಗಿಸಿಕೊಂಡು ಹೋದಂತೆ ಹೋಗುತ್ತವೆ. ತಿಂಗಳ ಮೊದಲ ಸೋಮವಾರ ಮಧ್ಯಾಹ್ನ ಊರಿಗೆ ಊರೇ ಸೈರನ್ ಊದುತ್ತದೆ. ಸುಮ್ಮನೆ ಪರೀಕ್ಷೆಗೆ ಊದುವುದಂತೆ. ಮೊದಲ ಸಲ ಕೇಳಿದಾಗ ನಾನು ಕುಕ್ಕರನ್ನು ಒಲೆಯಿಂದ ಎತ್ತಿಕೊಂಡು ಮೇಜಿನ ಕೆಳಗೆ ಕೂತಿದ್ದೆ. ಇನ್ನು, ನಾವು ಮಲಗುವ ಜಾಗ ಸಮುದ್ರದ ಮಟ್ಟಕ್ಕಿಂತ ಕೆಳಗಿದೆ ಎಂದು ಅಳಿಯಂದಿರು ಒಂದು ದಿನ ಹೆಮ್ಮೆಯಿಂದ ಹೇಳಿದರು. ಹಿಂದೆ ಅಲ್ಲೆಲ್ಲ ಕೆರೆಯಿತ್ತಂತೆ, ನೀರೆತ್ತಿ ಹೊರಹಾಕಿ ಮನೆ ಕಟ್ಟಿದರಂತೆ. ಟೊಮೆಟೊ ಸಸಿ ನೆಡಲು ಹಿತ್ತಲು ಕೆದಕಿದರೆ ಚಿಪ್ಪು ಬರುತ್ತದೆ. "ಏನಾಗಲ್ಲ ಬಿಡಿ ಅತ್ತೆ," ಅನ್ನುತ್ತಾರೆ ಮೈಸೂರಿನ ಅಳಿಯ. ಮೈಸೂರಿನವರಿಗೆ ಯಾವುದರಿಂದಲೂ ಏನೂ ಆಗುವುದಿಲ್ಲ.

ಈ ಎಲ್ಲ ಭಯಗಳಿಗಿಂತ ಅಗೆಯುವವರ ಭಯ ಬೇರೆ. ಅದು ನನ್ನ ಎಡಗಿವಿಯಲ್ಲಿದೆ. ಹೇಳುತ್ತೇನೆ, ಸ್ವಲ್ಪ ತಾಳಿ.

ನಮ್ಮೂರ ಹೊರಗೆ ಜೋಳದ ಹೊಲಗಳ ನಡುವೆ ಒಂದು ಬೂದಿಗುಡ್ಡ ಇತ್ತು. ಗುಡ್ಡವೆಂದರೆ ಗುಡ್ಡವಲ್ಲ, ಎರಡಾಳೆತ್ತರದ ದಿಬ್ಬ. ಕಲ್ಲಿಲ್ಲ, ಮಣ್ಣಿಲ್ಲ, ಬರೀ ಬೂದಿ. ಯಾವುದೋ ರಾಕ್ಷಸನನ್ನು ಅಲ್ಲಿ ಸುಟ್ಟರು ಅನ್ನುತ್ತಿದ್ದರು. ಗಾಳಿ ಬೀಸಿದರೆ ಅದರ ಮೇಲಿಂದ ಬಿಳಿ ಹೊಗೆಯಂತೆ ಏಳುತ್ತಿತ್ತು. ಬುತ್ತಿ ಹೊತ್ತುಕೊಂಡು ಹೊಲಕ್ಕೆ ಹೋಗುವಾಗ ನಾವು ಹುಡುಗರು ಆ ಕಡೆ ನೋಡದೆ, ಉಸಿರು ಬಿಗಿಹಿಡಿದು ದಾಟುತ್ತಿದ್ದೆವು. ರಾಕ್ಷಸನ ಬೂದಿ ಮೂಗಿಗೆ ಹೋದರೆ ಹಲ್ಲು ಉದ್ದ ಬೆಳೆಯುತ್ತದೆ ಎಂದು ಯಾರೋ ಹೇಳಿದ್ದರು. ನನ್ನ ಮುಂದಿನ ಹಲ್ಲು ಸ್ವಲ್ಪ ಉಬ್ಬು. ನಗಬೇಡಿ.

ನಾನು ಆರೋ ಏಳೋ ವರ್ಷದವಳಿದ್ದಾಗ ಆ ಗುಡ್ಡದ ಪಕ್ಕ ಒಬ್ಬ ಇಂಗ್ಲಿಷ್ ದೊರೆ ಡೇರೆ ಹಾಕಿದ. ದೊರೆಗಳೆಲ್ಲ ದೇಶ ಬಿಟ್ಟು ಹೋಗಿ ಎಷ್ಟೋ ವರ್ಷವಾಗಿತ್ತು; ನಮ್ಮೂರಿಗೆ ಮಾತ್ರ ಬಿಳಿ ಮೈಯವನು ಯಾವಾಗ ಬಂದರೂ ದೊರೆಯೇ. ಇವನು ಬಂದೂಕು ತಂದಿರಲಿಲ್ಲ. ಹುರಿ ತಂದಿದ್ದ, ಗೂಟ ತಂದಿದ್ದ, ಹಲ್ಲುಜ್ಜುವ ಬ್ರಷ್ಷಿನಂಥ ಬ್ರಷ್ಷು ತಂದಿದ್ದ. ಬೂದಿಗುಡ್ಡದ ಮೇಲೆ ಹುರಿ ಎಳೆದು ಚೌಕ ಮಾಡಿ ಕೆರೆಯುತ್ತಿದ್ದ. ಇಷ್ಟು ದೂರ ಬಂದು ಬೂದಿ ಕೆರೆಯುವವನಿಗೆ ಬೇಕಿರುವುದು ಬೂದಿಯಲ್ಲ, ಅದರಡಿಯ ನಿಧಿ ಎಂದು ಊರು ತೀರ್ಮಾನ ಮಾಡಿತು. ನಿಧಿ ಸುಮ್ಮನೆ ಮೇಲೆ ಬರುವುದಿಲ್ಲ. ಅದು ಕೂಸು ಕೇಳುತ್ತದೆ. ಅದೂ ಚೊಚ್ಚಲ ಕೂಸು.

ನಾನು ಚೊಚ್ಚಲು.

ಅವತ್ತಿನಿಂದ ನಮ್ಮೂರಲ್ಲಿ ಹಗಲು ಹೊತ್ತು ಮಕ್ಕಳು ಕಾಣಿಸುತ್ತಿರಲಿಲ್ಲ. ಚೊಚ್ಚಲಿನವರಂತೂ ಬಾಗಿಲು ದಾಟುವ ಹಾಗಿಲ್ಲ. ನನ್ನನ್ನು ಅವ್ವ ಖಾಲಿ ಕಣಜದೊಳಗೆ ಇಳಿಸಿ, ಮೇಲೆ ಮೊರ ಮುಚ್ಚಿ ಹೊಲಕ್ಕೆ ಹೋಗುತ್ತಿದ್ದಳು. ಕೈಗೊಂದು ತುಂಡು ಬೆಲ್ಲ, ಒಂದು ಚೊಂಬು ನೀರು. ಒಳಗೆ ಹಳೇ ಜೋಳದ ಘಾಟು, ಮೊರದ ಸಂದಿಯಿಂದ ಬೀಳುವ ಬೆಳಕಿನ ಚುಕ್ಕಿಗಳು. ಇಂದಿಗೂ ಜೋಳದ ಹಿಟ್ಟಿನ ಡಬ್ಬಿ ತೆರೆದರೆ ನನಗೆ ಮೊದಲು ಬರುವುದು ಹಸಿವಲ್ಲ, ದೊರೆಯ ನೆನಪು.

ಅಷ್ಟಕ್ಕೂ ಅವ್ವನಿಗೆ ಸಮಾಧಾನವಾಗಲಿಲ್ಲ. ಬಲಿಗೆ ಹೋಗುವ ಕೂಸಿನ ಮೈಯಲ್ಲಿ ಊನ ಇರಬಾರದು; ಇದ್ದರೆ ನಿಧಿ ಒಲ್ಲೆ ಅನ್ನುತ್ತದೆ. ಒಂದು ಬೆಳಿಗ್ಗೆ ನನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಹೇನು ನೋಡುವವಳಂತೆ ಕೂದಲು ಸರಿಸಿ, ಕುಡುಗೋಲಿನ ತುದಿಯಿಂದ ಎಡಗಿವಿಯ ಅಂಚನ್ನು ಚೂರೇ ಚೂರು ಕೊಯ್ದಳು. ಅರಿಶಿನ ಮೆತ್ತಿದಳು. ನಾನು ಅತ್ತೆ; ಅವಳು ನನಗಿಂತ ಹೆಚ್ಚು ಅತ್ತಳು. ನಮ್ಮ ವಾರಗೆಯ ಎಷ್ಟೋ ಮಂದಿಗೆ ಅಂಥದ್ದೊಂದು ಗುರುತು ಇದೆ, ಕಿವಿಯಲ್ಲೋ ಬೆರಳಲ್ಲೋ. ಮಳೆ ಹಿಡಿಯುವ ಮುಂಚೆ ದೊರೆ ಗುಂಡಿಗಳನ್ನು ಮುಚ್ಚಿಸಿ, ಪೆಟ್ಟಿಗೆ ತುಂಬ ಮಡಕೆ ಚೂರು ತುಂಬಿಕೊಂಡು ಹೊರಟುಹೋದ. ಯಾರ ಮನೆಯ ಕೂಸೂ ಹೋಗಲಿಲ್ಲ. ನಾವು ಬಚ್ಚಿಟ್ಟುಕೊಂಡಿದ್ದಕ್ಕೇ ಹೋಗಲಿಲ್ಲ ಎಂದು ಊರು ನಂಬಿತು. ನಾನೂ ನಂಬಿದೆ. ವಯಸ್ಸಾದ ಮೇಲೆ ನಂಬಿಕೆ ಬಿಟ್ಟೆ ಅಂದುಕೊಂಡಿದ್ದೆ. ಆದರೆ ಮೊಮ್ಮಗಳು "ಅಗೆಯೋದಕ್ಕೆ" ಅಂದ ಕೂಡಲೇ ಕಿವಿಯ ಅಂಚು ಉರಿಯಿತು.

ಸಿಂಚಿಯೂ ಚೊಚ್ಚಲು. ಒಬ್ಬಳೇ ಮಗಳು.

ಇವಳಿಗೆ ಈ ಹುಚ್ಚು ಹತ್ತಿದ್ದು ಕಂಪ್ಯೂಟರಿನಿಂದ. ಇಂಗ್ಲೆಂಡಿನ ಯಾವುದೋ ಜಿಲ್ಲೆಯಲ್ಲಿ, ನೆಲ ಅಗೆದು ಹಿಂದಿನವರ ಗುರುತು ಹುಡುಕುವ ಒಂದು ಹಳೇ ಸಂಘ ಇದೆ. ಹಿಂದೆ ಪಾದ್ರಿಗಳು, ಡಾಕ್ಟರುಗಳು ಸೇರಿ ಕಟ್ಟಿದ್ದಂತೆ. ಈಗ ನಿವೃತ್ತ ಮೇಷ್ಟರುಗಳು, ಒಬ್ಬ ಹಲ್ಲಿನ ಡಾಕ್ಟರು, ಇತಿಹಾಸ ಬರೆಯುವ ನಾಲ್ಕಾರು ಪಂಡಿತರು. ವಾರಕ್ಕೊಂದು ಸಂಜೆ ಪರದೆಯ ಮೇಲೆ ಸೇರಿ ಉಪನ್ಯಾಸ ಕೇಳುತ್ತಾರೆ. ಸಿಂಚಿ ಮುಂದೆ ಕೂತರೆ ನಾನು ಹಿಂದೆ ಕೂತು ಹುರಳಿಕಾಯಿ ನಾರು ತೆಗೆಯುತ್ತೇನೆ. ಚೌಕ ಚೌಕದಲ್ಲಿ ಒಂದೊಂದು ಬಿಳಿ ತಲೆ. ಒಬ್ಬರ ಹಣೆ ಮಾತ್ರ ಕಾಣಿಸುತ್ತದೆ, ಇನ್ನೊಬ್ಬರ ಬೆಕ್ಕು ಅವರಿಗಿಂತ ಚೆನ್ನಾಗಿ ಕಾಣಿಸುತ್ತದೆ. ಒಂದು ಚೂರನ್ನು ಹಿಡಿದು, ಇದು ತುಪ್ಪದ ಗಡಿಗೆಯೋ ಎಣ್ಣೆಯ ಗಡಿಗೆಯೋ ಎಂದು ಇಡೀ ಸಂಜೆ ಜಗಳ. ಮೂಸಿ ನೋಡಿದರೆ ಆಗುತ್ತಿತ್ತಲ್ಲ ಎಂದು ನನಗೆ.

ಮೊದಲ ದಿನವೇ ನಾನು ಎದ್ದು ಹೋಗಲಿದ್ದೆ. ಉಪನ್ಯಾಸಕರನ್ನು ಪರಿಚಯ ಮಾಡುತ್ತಾ ಅಧ್ಯಕ್ಷರು "ಫೆಲೋ" ಅಂದರು. ಒಂದು ಸಲವಲ್ಲ, ಮತ್ತೆ ಮತ್ತೆ. ನಮ್ಮ ಶಾಲೆಯ ಮೇಷ್ಟರು ಬೆತ್ತ ಎತ್ತುವ ಮುಂಚೆ "ಯೂಸ್‌ಲೆಸ್ ಫೆಲೋ" ಅನ್ನುತ್ತಿದ್ದರು. ಆ ಮಾತಿನ ಅರ್ಥ ನನ್ನ ಅಂಗೈಗೆ ಗೊತ್ತು.

"ಪಾಪ, ಅಷ್ಟು ವಯಸ್ಸಾದವರನ್ನ ಮಂದಿ ಮುಂದ ಹಿಂಗ ಬೈತಾರಲ್ಲ," ಅಂದೆ.

ಸಿಂಚಿ ಮೈಕು ಮುಚ್ಚಿ ನಕ್ಕಳು. "ಬೈಗುಳ ಅಲ್ಲ ಅಜ್ಜಿ. ಫೆಲೋ ಅಂದ್ರೆ ದೊಡ್ಡ ಮರ್ಯಾದೆ. ದೊಡ್ಡ ಸಂಘದಲ್ಲಿ ಎಲ್ಲರೂ ಓಟ್ ಹಾಕಿ ಆರಿಸಬೇಕು."

ಹಿಂದೆಲ್ಲ ಆ ಓಟಿಗೆ ಒಂದು ಪೆಟ್ಟಿಗೆ ಇರುತ್ತಿತ್ತಂತೆ. ಪೆಟ್ಟಿಗೆಯ ಕಿಂಡಿಯೊಳಗೆ ಕೈ ಹಾಕಿ ಗೋಲಿಯಂಥ ಗುಂಡು ಬಿಡಬೇಕು. ಬಿಳಿ ಗುಂಡು ಬಿಟ್ಟರೆ ಬೇಕು, ಕರಿ ಗುಂಡು ಬಿಟ್ಟರೆ ಬೇಡ. ಕೈ ಒಳಗಿರುವುದರಿಂದ ಯಾರು ಯಾವುದನ್ನು ಬಿಟ್ಟರೆಂದು ತಿಳಿಯುತ್ತಿರಲಿಲ್ಲ. ಇಷ್ಟು ಓದಿದವರೂ ಬೇಡ ಅನ್ನುವುದಕ್ಕೆ ಕೈ ಮರೆಮಾಡುತ್ತಾರಲ್ಲ ಎಂದು ನನಗೆ ಅವರ ಮೇಲೆ ಪ್ರೀತಿ ಬಂತು. ಅದೇನಿದ್ದರೂ, ನನ್ನ ಮೊಮ್ಮಗಳು ಮುಂದೊಂದು ದಿನ ಫೆಲೋ ಆಗುತ್ತಾಳೆ, ಬರೆದಿಟ್ಟುಕೊಳ್ಳಿ. ಬಳ್ಳಾರಿಗೆ ಹೋದಾಗ ಪಕ್ಕದ ಮನೆಯ ಸುಶೀಲಮ್ಮನಿಗೆ ಹೇಳಿದೆ. "ಹೆಣ್ಣುಡುಗಿಗೆ ಹಂಗ್ಯಾಕ ಅಂತೀರಿ," ಅಂದಳು.

ಈಗ ಅಂಥದೇ ಓಟು ನನ್ನ ಮುಂದೆಯೇ ಬಂದಿತ್ತು. ಅಪ್ಪ ಅಮ್ಮ ಇಬ್ಬರೂ ಒಪ್ಪಿದ್ದರು. ಕರಣೆ ಬಂದ ದಿನದಿಂದ ನನಗೆ ಅನ್ನ ಸೇರಲಿಲ್ಲ. ನಿಜವಾದ ಕಾರಣ ಹೇಳುವಂತಿಲ್ಲ. ಹೇಳಿದರೆ ಅಳಿಯಂದಿರು ನಗುವುದಿಲ್ಲ, ನಗದೇ ಇರಲು ಕಷ್ಟಪಡುತ್ತಾರೆ, ಅದು ಇನ್ನೂ ಅವಮಾನ. ಹಾಗಾಗಿ ಬೇರೆ ಬೇರೆ ನೆಪ ತೆಗೆದೆ. ಅಲ್ಲಿ ಮಳೆ, ಕೆಸರು, ಸಸ್ಯಾಹಾರ ಸಿಗುವುದಿಲ್ಲ, ಹಡಗಿನಲ್ಲಿ ಹೋಗಬೇಕು, ಗುಂಡಿಯ ಗೋಡೆ ಕುಸಿದರೆ.

"ಅವ್ವಾ, ಮೊಣಕಾಲುದ್ದ ಗುಂಡಿ ಅದು," ಅಂದಳು ಗಿರಿಜಾ. "ಅದರಾಗ ಒಂದು ಕೋಳಿ ಸೈತ ಸಾಯಂಗಿಲ್ಲ."

"ಮೊಣಕಾಲುದ್ದಕ್ಕ ಸುರು ಆಗತೈತಿ. ಎಲ್ಲಿಗೆ ಮುಗೀತೈತಿ, ಯಾರಿಗೊತ್ತು?"

ಸಿಂಚಿ ನನ್ನ ತಟ್ಟೆಯನ್ನೂ ನನ್ನನ್ನೂ ನೋಡಿದಳು. ಗಿರಿಜಾಳ ಬಾಣಂತನಕ್ಕೆ ನಾನು ಬಂದಾಗಿನಿಂದ ನನ್ನ ಸೊಂಟದ ಮೇಲೆ ಬೆಳೆದವಳು. "ಅಜ್ಜಿ ಹೂಂ ಅಂದ್ರೆ ಹೋಗ್ತೀನಿ, ಇಲ್ಲಾಂದ್ರೆ ಇಲ್ಲ," ಅಂದಳು. "ನೀನಿಲ್ಲಿ ಊಟ ಬಿಟ್ಟು ಕೂತ್ರೆ ನಂಗಲ್ಲಿ ಊಟ ಹೇಗೆ ಸೇರುತ್ತೆ?" ಸಿಟ್ಟಿನಿಂದ ಹೇಳಿದ್ದರೆ ನಾನು ಇಲ್ಲ ಅಂದುಬಿಡುತ್ತಿದ್ದೆ. ಮೆತ್ತಗೆ ಹೇಳಿದಳು. ಕರಣೆಯನ್ನು ಪೊಟ್ಟಣದೊಳಗೆ ವಾಪಸು ಇಟ್ಟು ಮೇಲೆ ಹೋದಳು. ಕರಿ ಗುಂಡು ನನ್ನ ಕೈಯಲ್ಲೇ ಉಳಿಯಿತು, ಕೈ ಮರೆಮಾಡಲು ಪೆಟ್ಟಿಗೆ ಇಲ್ಲ.

ನನ್ನ ಸಮಾಧಾನಕ್ಕೆಂದು ಅಳಿಯಂದಿರು ಒಂದು ಉಪಾಯ ಮಾಡಿದರು. ಸಂಘದ ಅಗೆತವನ್ನು ನಡೆಸುವ ಇಂಗ್ಲಿಷ್ ಹೆಂಗಸು ಯಾವುದೋ ಸಭೆಗೆ ಹತ್ತಿರದ ಲೈಡನ್ ಊರಿಗೆ ಬರುವವರಿದ್ದರು. ಅವರನ್ನು ಮನೆಗೆ ಚಹಾಕ್ಕೆ ಕರೆದರು. ಜೋನ್ ಎಂದು ಹೆಸರು. ನಾನು ಜೋನಮ್ಮ ಅಂದೆ, ಅವರೂ ಓಗೊಟ್ಟರು. ನನ್ನದೇ ವಯಸ್ಸು, ನನ್ನದೇ ಮೊಣಕಾಲು ನೋವು. ಕೂರುವಾಗ ಇಬ್ಬರೂ ಒಂದೇ ಸದ್ದು ಮಾಡಿದೆವು. ಸುಕ್ಕು ಬಿದ್ದ ಮಳೆಯಂಗಿ, ಉಗುರಿನ ಸಂದಿಯಲ್ಲಿ ಮಣ್ಣು. ನಾನು ಮಾಡಿದ್ದ ಮಂಡಕ್ಕಿ ಒಗ್ಗರಣೆಯನ್ನು ಎರಡು ಸಲ ಹಾಕಿಸಿಕೊಂಡರು. ಇಂಥವರು ಕೂಸು ಹಿಡಿಯುವವರಂತೆ ಕಾಣಲಿಲ್ಲ. ಆದರೆ ಹಿಡಿಯುವವರು ಹಾಗೆ ಕಾಣಿಸಿಕೊಂಡರೆ ಯಾವ ಕೂಸು ಹತ್ತಿರ ಹೋಗುತ್ತದೆ?

ಗಿರಿಜಾ ಅಡುಗೆಮನೆಗೆ ಹೋದ ಸಮಯ ನೋಡಿ ನಾನು ಸಿಂಚಿಗೆ ಹೇಳಿದೆ. "ಕೇಳವ್ವ ಅವರನ್ನ. ಗುಂಡಿಗೆ ಏನಾದ್ರೂ ಕೊಡ್ತೀರೇನು ಅಂತ."

"ಗುಂಡಿಗೆ ಏನು ಕೊಡೋದು ಅಜ್ಜಿ?"

"ನೀ ಕೇಳು. ಅಷ್ಟು ಕೇಳು."

ಸಿಂಚಿ ಇಂಗ್ಲಿಷಿನಲ್ಲಿ ಕೇಳಿದಳು. ಜೋನಮ್ಮನ ಮುಖ ಅರಳಿತು. "ಯೆಸ್, ಯೆಸ್. ಆಲ್ವೇಸ್," ಅಂದರು. ಅಷ್ಟು ಇಂಗ್ಲಿಷ್ ನನಗೂ ಬರುತ್ತದೆ. ಕೈಯಲ್ಲಿದ್ದ ಲೋಟ ಕೆಳಗಿಟ್ಟೆ.

"ಯಾವಾಗಲೂ ಕೊಡ್ತಾರಂತೆ," ಎಂದು ಸಿಂಚಿ ಅವರ ಮಾತನ್ನು ತುಂಡು ತುಂಡಾಗಿ ಕನ್ನಡಕ್ಕೆ ತಂದಳು. "ಅಗೆದು ಮುಗಿದ್ಮೇಲೆ, ಮುಚ್ಚೋಕೆ ಮುಂಚೆ. ತಳದಲ್ಲಿ ಇಡ್ತಾರಂತೆ. ಚಿಕ್ಕದು ಸಾಕಂತೆ."

ನಾನು ಕುರ್ಚಿಯ ಅಂಚಿಗೆ ಸರಿದೆ.

"ಆದ್ರೆ ಆ ವರ್ಷದ್ದೇ ಆಗ್ಬೇಕಂತೆ ಅಜ್ಜಿ. ಹಳೇದು ನಡಿಯಲ್ಲ."

ಆ ವರ್ಷ ಹುಟ್ಟಿದ್ದು. ನಾನು ಸಿಂಚಿಯ ತೋಳು ಹಿಡಿದು ನನ್ನ ಕಡೆ ಎಳೆದುಕೊಂಡೆ. ಅವಳು ಹದಿನಾರು ವರ್ಷ ಹಳೆಯವಳು, ಬದುಕಿದಳು ಎಂದು ಒಂದು ಕ್ಷಣ ಹೊಳೆಯಿತು. ಮರುಕ್ಷಣವೇ ಹಾಗೆ ಯೋಚಿಸಿದ್ದಕ್ಕೆ ನಾಚಿಕೆಯಾಯಿತು. ಯಾರದ್ದೋ ಒಂದು ಕೂಸು ಇತ್ತಲ್ಲ.

"ಏನದು, ಬಾಯಿ ಬಿಟ್ಟು ಹೇಳು," ಅಂದೆ.

"ಕಾಯಿನ್ ಅಜ್ಜಿ. ಒಂದು ನಾಣ್ಯ. ಮುಂದೆ ಯಾರಾದ್ರೂ ಅಲ್ಲೇ ಅಗೆದ್ರೆ, ಇಲ್ಲಿವರೆಗೂ ಇಂಥ ವರ್ಷದಲ್ಲಿ ಅಗೆದಿದ್ರು ಅಂತ ಅವರಿಗೆ ಗೊತ್ತಾಗ್ಲಿ ಅಂತ ಇಟ್ಟು ಮುಚ್ತಾರೆ. ನೀನ್ಯಾಕೆ ನನ್ನ ತೋಳು ಹೀಗೆ ಹಿಡ್ಕೊಂಡಿದೀಯ?"

ಆಮೇಲೆ ಮುಚ್ಚಿಡುವುದು ಏನೂ ಉಳಿಯಲಿಲ್ಲ. ಬೂದಿಗುಡ್ಡ, ಚೊಚ್ಚಲು, ಕಣಜ, ಕಿವಿ ಎಲ್ಲ ಹೇಳಿದೆ. ಸಿಂಚಿ ಅರ್ಥ ಹೇಳುತ್ತಾ ಹೋದಳು, ನಡುವೆ ಅವಳ ದನಿ ಸಣ್ಣಗಾಯಿತು. ಜೋನಮ್ಮ ಲೋಟ ಹಿಡಿದು ಅಲ್ಲಾಡದೆ ಕೇಳಿದರು. ಅವರ ಗುರುಗಳೊಬ್ಬರು ಆ ಕಾಲದಲ್ಲಿ ನಮ್ಮ ಕಡೆಯ ಬೂದಿಗುಡ್ಡಗಳನ್ನು ಅಗೆದವರಂತೆ. ನಮ್ಮೂರದ್ದೇ ಹೌದೋ ಅಲ್ಲವೋ ತಿಳಿಯದು. ಆ ಬೂದಿ ರಾಕ್ಷಸನದ್ದಲ್ಲ, ಸಾವಿರಾರು ವರ್ಷದ ಹಿಂದೆ ದನದ ದೊಡ್ಡಿಯವರು ಸುಟ್ಟ ಸಗಣಿಯದ್ದಂತೆ. ಸಗಣಿಯ ಬೂದಿಗೆ ಹೆದರಿ ನನ್ನ ಕಿವಿ ಹೋಯಿತಲ್ಲ ಅನಿಸಿತು. ಆ ಗುರುಗಳು ತರಗತಿಯಲ್ಲಿ ಒಂದು ಮಾತು ಹೇಳುತ್ತಿದ್ದರಂತೆ: ಆ ಊರುಗಳ ಜನ ಬಡವರು, ಆದರೆ ಬಹಳ ಶಿಸ್ತು, ಹಗಲು ಹೊತ್ತು ಬೀದಿಯಲ್ಲಿ ಒಂದು ಮಗುವೂ ಕಾಣುವುದಿಲ್ಲ, ಎಲ್ಲರನ್ನೂ ಶಾಲೆಗೆ ಕಳಿಸುತ್ತಾರೆ.

ಮೊದಲು ನಕ್ಕವಳು ನಾನು. ಆಮೇಲೆ ಜೋನಮ್ಮ ನಕ್ಕರು, ಚಹಾ ಮಳೆಯಂಗಿಯ ಮೇಲೆ ಚೆಲ್ಲುವಷ್ಟು. ನಗು ನಿಂತ ಮೇಲೆ ಅವರು ನನ್ನ ಹತ್ತಿರ ಬಗ್ಗಿ, ಕೈಯಿಂದಲೇ ಕೇಳಿದರು, ನೋಡಲೇ ಎಂದು. ನಾನು ಕೂದಲು ಸರಿಸಿದೆ. ಮಡಕೆ ಚೂರು ನೋಡುವ ಹಾಗೆಯೇ ನೋಡಿದರು, ಮುಟ್ಟಲಿಲ್ಲ. ಮೆಲ್ಲಗೆ ಏನೋ ಅಂದರು.

"ಏನಂತಾರ?"

"ನಾವು ಯಾರನ್ನ ಹೆದರಿಸಿದ್ವಿ ಅಂತ ನಮ್ಮ ಪುಸ್ತಕಗಳಲ್ಲಿ ಬರೆಯೋದಿಲ್ಲ ಅಂತಿದಾರೆ."

ಅವತ್ತು ರಾತ್ರಿ ಉಂಡೆ. ಮರುದಿನ ಬೆಳಿಗ್ಗೆ ಹೂಂ ಅಂದೆ. ಅಂದವಳು ಸುಮ್ಮನಿದ್ದೆನೇ? ಸಿಂಚಿ ಸ್ನಾನ ಮಾಡಿ ಬಂದಾಗ ಅವಳ ಮೈಯಲ್ಲಿ ಎಲ್ಲಾದರೂ ಊನ ಇದೆಯೇ ಎಂದು ಕಣ್ಣಲ್ಲೇ ಹುಡುಕಿದೆ. ಕಿವಿ ಮೂಗು ಎಲ್ಲ ತಿದ್ದಿ ತೀಡಿದಂತಿವೆ, ಎದೆ ಧಸಕ್ಕೆಂದಿತು. ಕೊನೆಗೆ ಎಡ ಮೊಣಕಾಲಿನಲ್ಲಿ ಹಳೇ ಗಾಯದ ಕಲೆ ಸಿಕ್ಕಿತು. ಮೂರನೇ ಕ್ಲಾಸಿನಲ್ಲಿ ಕಾಲುವೆ ಸೇತುವೆಯ ಮೇಲೆ ಸೈಕಲ್ಲಿನಿಂದ ಬಿದ್ದದ್ದು. ಬಿದ್ದಾಗ ಆ ಸೈಕಲ್ಲು ಕೊಡಿಸಿದವರಿಗೆಲ್ಲ ಬೈದಿದ್ದೆ. ಈಗ ಮನಸ್ಸಿನಲ್ಲೇ ಆ ಸೈಕಲ್ಲಿಗೆ ಕೈ ಮುಗಿದೆ. ಅದಕ್ಕೆ ಅರ್ಥವಿಲ್ಲ ಎಂದು ನನಗೆ ಗೊತ್ತು. ಗೊತ್ತಿರುವುದು ತಲೆಗೆ; ಕೈ ತಾನಾಗಿ ಮುಗಿಯಿತು.

ಹುಕ್ ಫಾನ್ ಹಾಲೆಂಡ್ ಎಂಬ ಬಂದರಿನಲ್ಲಿ ಹಡಗು ಹತ್ತಬೇಕು. ಅಳಿಯಂದಿರು ಕಾರನ್ನೇ ಹಡಗಿನೊಳಗೆ ಓಡಿಸಿಕೊಂಡು ಹೋಗಿ, ಅವಳನ್ನು ಬಿಟ್ಟು ಬರುವುದೆಂದು ತೀರ್ಮಾನ. ನಾನೂ ಗಿರಿಜಾಳೂ ದಡದಲ್ಲಿ ನಿಂತೆವು. ಆ ಹಡಗು ನಮ್ಮ ಬಳ್ಳಾರಿಯ ಒಂದು ಓಣಿಯಷ್ಟಿತ್ತು. ಅಷ್ಟು ಭಾರದ್ದು ನೀರಿನ ಮೇಲೆ ನಿಲ್ಲುವುದೇ ತಪ್ಪು ಅನ್ನಿಸಿತು. ಸಿಂಚಿ ಮೇಲಿನಿಂದ ಕೈ ಬೀಸಿದಳು. ಚಪಾತಿ, ಶೇಂಗಾ ಚಟ್ನಿ, ಉಪ್ಪಿನಕಾಯಿ ಎಲ್ಲ ಕಟ್ಟಿಕೊಟ್ಟಿದ್ದೆ. ಮತ್ತೇನೋ ಮರೆತೆ ಮರೆತೆ ಅನಿಸುತ್ತಿತ್ತು. ಹಡಗು ಚುಕ್ಕಿಯಾದ ಮೇಲೆ ತಿಳಿಯಿತು, ಏನನ್ನೂ ಮರೆತಿರಲಿಲ್ಲ, ಅವಳನ್ನೇ ಕಳಿಸಿದ್ದೆ.

ಮೊದಲ ವಾರ ಸಂಜೆ ಸಂಜೆ ಫೋನು. ಮಳೆ, ಕೆಸರು, ಗುಡಾರ. ಅವಳಿಗೆ ಕೊಟ್ಟ ಚೌಕದಲ್ಲಿ ರೋಮನ್ನರ ಕಾಲದ ಒಂದು ಮನೆಯ ನೆಲ. ಮಣ್ಣಿನ ಬಣ್ಣ ನೋಡಿ ಗೋಡೆ ಎಲ್ಲಿತ್ತು ಹೇಳುತ್ತಾಳಂತೆ. ಹಲ್ಲಿನ ಡಾಕ್ಟರು ನನ್ನ ಉಪ್ಪಿನಕಾಯಿಯನ್ನು ಬಿಸ್ಕತ್ತಿಗೆ ಹಚ್ಚಿಕೊಂಡು ತಿನ್ನುತ್ತಾರಂತೆ. ನಾನು ಪ್ರತಿ ಸಲ ಕೇಳುವುದು ಒಂದೇ: ಎಷ್ಟು ಆಳಕ್ಕೆ ಹೋದಿರಿ. "ಮೊಣಕಾಲು ಅಜ್ಜಿ." ಮರುದಿನ, "ಮೊಣಕಾಲಿಗಿಂತ ಸ್ವಲ್ಪ ಮೇಲೆ." ನಾನು ಎದ್ದು ಕನ್ನಡಿಯ ಮುಂದೆ ನನ್ನ ಕಾಲಿನ ಮೇಲೆ ಅಳತೆ ನೋಡಿಕೊಳ್ಳುತ್ತಿದ್ದೆ.

ಎರಡನೇ ವಾರ ಒಂದು ಮಧ್ಯಾಹ್ನ ಫೋನು ಬಂತು. ಮಧ್ಯಾಹ್ನ ಅವಳು ಮಾಡುವುದಿಲ್ಲ. ನಾನು ಚಪಾತಿ ಹಿಟ್ಟಿನ ಕೈಯಲ್ಲೇ ಎತ್ತಿಕೊಂಡೆ.

"ಅಜ್ಜಿ, ಒಂದು ಪಾಪು ಸಿಕ್ತು."

"ಯಾರ ಪಾಪು? ತಪ್ಪಿಸ್ಕೊಂಡಿತ್ತೇನು?"

ಆ ಕಡೆ ಗಾಳಿಯ ಸದ್ದು. ಆಮೇಲೆ ಹೇಳಿದಳು. ಮನೆಯ ನೆಲದ ಕೆಳಗೆ, ಗೋಡೆಯ ಮೂಲೆಯಲ್ಲಿ, ಮಗ್ಗುಲಾಗಿ ಮಲಗಿಸಿದ್ದರಂತೆ. ಎಳೆಗೂಸು, ಹುಟ್ಟಿದ ಹೊತ್ತಿಗೇ ಹೋದದ್ದಿರಬೇಕು. ಮೂಳೆಗಳು ಬೆಂಕಿಕಡ್ಡಿಯಷ್ಟು. ಮೊದಲು ಕಂಡವಳು ಇವಳೇ, ಇವಳ ಕರಣೆಗೇ. ಕೋಳಿಯ ಮೂಳೆ ಅಂದುಕೊಂಡಳಂತೆ.

"ಯಾಕೆ ಅಲ್ಲಿಟ್ಟಿದ್ರು ಅಂತ ಕೇಳ್ದೆ. ಒಬ್ರು ಮನೆ ನಿಲ್ಲಲಿ ಅಂತ ಕೊಟ್ಟಿರಬಹುದು ಅಂದ್ರು. ಇನ್ನೊಬ್ರು ಅಲ್ಲ, ಪ್ರೀತಿಗೆ ಮನೇಲೇ ಇಟ್ಕೊಂಡಿರಬಹುದು ಅಂದ್ರು. ಜೋನ್, ನ‌ಮಗೆ ಗೊತ್ತಿಲ್ಲ, ಗೊತ್ತಿಲ್ಲ ಅಂತಲೇ ಬರೀಬೇಕು ಅಂದ್ರು." ಅವಳ ದನಿ ಒಡೆಯಿತು. "ನಂಗೆ ಭಯ ಆಗ್ತಿದೆ ಅಜ್ಜಿ. ನೀನು ಹೇಳ್ದಂಗೇ ಆಯ್ತು. ಅಪ್ಪಂಗೆ ಹೇಳು, ಬಂದು ಕರ್ಕೊಂಡು ಹೋಗ್ಲಿ. ನಾಳೆನೇ."

ನಿಮ್ಮ ಮುಂದೆ ಸುಳ್ಳು ಯಾಕೆ, ನನಗೆ ಬಂದದ್ದು ಖುಷಿ. ಬಾ ಅನ್ನುವ ಒಂದಕ್ಷರ ತುಟಿಯ ಮೇಲೇ ಇತ್ತು. ಸಂಜೆಯ ಹಡಗಿಗೆ ಅಳಿಯಂದಿರನ್ನು ಓಡಿಸಿದರೆ, ನಾಳೆ ಇಷ್ಟು ಹೊತ್ತಿಗೆ ಸಿಂಚಿ ಮನೆಯಲ್ಲಿ, ನನ್ನ ಕಣ್ಣ ಮುಂದೆ. ಕಿವಿ ಉರಿಯುತ್ತಿತ್ತು. ಮನೆ ನಿಲ್ಲಲೆಂದು ಕೊಟ್ಟದ್ದು ಎಂಬ ಮಾತು ತಲೆಯೊಳಗೆ ಸುತ್ತುತ್ತಿತ್ತು. ಹಾಗಾದರೆ ನನ್ನವ್ವನ ಭಯ ಪೂರಾ ಹುಚ್ಚಲ್ಲ, ಎಲ್ಲೋ ಯಾವತ್ತೋ ಯಾರೋ ಕೊಟ್ಟಿದ್ದಾರು.

ಆದರೆ ಅವ್ವ ಅಂದ ಕೂಡಲೇ ನಮ್ಮ ಹಿತ್ತಲು ನೆನಪಾಯಿತು. ನನ್ನ ಬೆನ್ನಿಗೆ ಹುಟ್ಟಿದ ಕೂಸೊಂದು ಕಣ್ಣು ಬಿಡದೆ ಹೋಗಿತ್ತು. ಎಳೆಯವನ್ನು ನಮ್ಮಲ್ಲಿ ಸುಡುವುದಿಲ್ಲ, ದೂರಕ್ಕೂ ಒಯ್ಯುವುದಿಲ್ಲ. ಹಿತ್ತಲ ಗೋಡೆಯ ಬುಡದಲ್ಲಿ ಇಟ್ಟರು. ಆಮೇಲೆ ಎಷ್ಟು ವರ್ಷ ಹೋದರೂ ಅವ್ವ ಮುಸುರೆ ನೀರನ್ನು ಆ ಕಡೆ ಚೆಲ್ಲಿದವಳಲ್ಲ. ಬಿಸಿನೀರಿನ ಹಂಡೆ ಬಗ್ಗಿಸುವಾಗ ಅತ್ತ ತಿರುಗಿ, ಸರಿ, ಸರಿ ಅನ್ನುತ್ತಿದ್ದಳು, ಕಾಲಡಿ ಬಂದ ಮಗುವಿಗೆ ಹೇಳುವ ಹಾಗೆ.

"ಸಿಂಚಿ, ಈಗ ಆ ಕೂಸಿನ ಹತ್ತರ ಯಾರದಾರ?" ಅಂದೆ.

"ಯಾರೂ ಇಲ್ಲ. ಎಲ್ಲರೂ ಟೀಗೆ ಹೋಗಿದಾರೆ."

"ಮಳಿ?"

"ಹನೀತಿದೆ. ಮೇಲೊಂದು ಶೀಟ್ ಮುಚ್ಚಿದೀವಿ."

"ಪೂರಾ ತಗದಾರೇನು ಅದನ್ನ?"

"ಇಲ್ಲ. ಅರ್ಧ. ನಾಳೆ ನಾಡಿದ್ದು ಬೇಕು. ಬ್ರಷ್‌ನಲ್ಲಿ ಒಂದೊಂದೇ ತೆಗೀಬೇಕು. ನಾನೇ ತೆಗೀಬೇಕಂತೆ, ನನ್ನ ಚೌಕ ಅಲ್ವಾ."

ನಾನು ಅಡುಗೆಮನೆಯ ಕಟ್ಟೆ ಹಿಡಿದು ನಿಂತೆ.

"ಅಷ್ಟು ವರ್ಷದ ಮ್ಯಾಲೆ ಬೆಳಕಿಗೆ ಬಂದೈತಿ, ಅರ್ಧಕ್ಕ ಬಿಟ್ಟು ಬರಬ್ಯಾಡ," ಅಂದೆ. "ಪೂರಾ ಎತ್ತು. ಎಲ್ಲಿ ಇಡಬೇಕೋ ಅಲ್ಲಿ ಇಟ್ಟು, ಆಮ್ಯಾಲೆ ಬಾ. ಈಗ ಹೋಗಿ ಅದರ ಹತ್ತರ ಕೂಡು. ಅವರು ಟೀ ಕುಡದು ಬರೂತನಕ."

"ನಂಗೆ ಭಯ ಅಜ್ಜಿ."

"ನನಗೂ ಐತಿ. ಫೋನ್ ಇಡಬ್ಯಾಡ, ಹಂಗ ಹೋಗು. ನಾ ಇಲ್ಲೇ ಅದೀನಿ."

ಅವಳು ನಡೆದದ್ದು ಕೇಳಿಸಿತು, ಬೂಟಿನ ಕೆಳಗೆ ಕೆಸರು ಪಚ್ ಪಚ್ ಎಂದದ್ದು. ಆಮೇಲೆ ಪ್ಲಾಸ್ಟಿಕ್ ಹಾಳೆ ಗಾಳಿಗೆ ಪಟಪಟ ಹೊಡೆದುಕೊಳ್ಳುವ ಸದ್ದು. ಅವಳು ಅದರ ಮೇಲೆ ಕೈಯಿಟ್ಟಿರಬೇಕು, ಸದ್ದು ನಿಂತಿತು. ಕೂತಳು. ಆಮೇಲೆ ನನ್ನೊಂದಿಗಲ್ಲ, ಬೇರೆ ಯಾರೊಂದಿಗೋ, ಡಚ್ಚಿನಲ್ಲೋ ಇಂಗ್ಲಿಷಿನಲ್ಲೋ, ಮೆಲ್ಲಗೆ ಏನೋ ಹೇಳುತ್ತಿದ್ದಳು. ನನಗೆ ಒಂದು ಪದವೂ ತಿಳಿಯಲಿಲ್ಲ.

ಗಿರಿಜಾ ಒಳಗೆ ಬಂದು ಬ್ಯಾಗು ಮೇಜಿನ ಮೇಲೆ ಎಸೆದಳು. ಹಿಟ್ಟು ಮೆತ್ತಿದ ಫೋನನ್ನು ಕಿವಿಗೆ ಒತ್ತಿಕೊಂಡು ಮಾತಿಲ್ಲದೆ ನಿಂತ ನನ್ನನ್ನು ಕಂಡು ಹತ್ತಿರ ಬಂದಳು.

"ಯಾರವ್ವಾ? ಏನಾತು?"

ನಾನು ತುಟಿಯ ಮೇಲೆ ಬೆರಳಿಟ್ಟೆ.

"ಸಿಂಚಿ. ಕೆಲಸದಾಗ ಅದಾಳ, ಗದ್ದಲ ಮಾಡಬ್ಯಾಡ."